ಒಂಬತ್ತನೇ ಕಾಲಮ್ಮಿನಲ್ಲಿ ಹೆಣ್ಣಿನ ಹೆಸರು

ಅಕ್ಕನಿಗೂ ಭಾವನಿಗೂ ಜಾಮೀನು ಸಿಕ್ಕಿದ್ದು ಒಂದೇ ದಿನ, ಒಂದೇ ಆದೇಶದಲ್ಲಿ. 2023ರ ಜೂನ್ 5, ಸೋಮವಾರ. ಮೊದಲನೇ ಆರೋಪಿ ಭಾವ, ಎರಡನೇ ಆರೋಪಿ ಅಕ್ಕ. ತಲಾ ಒಂದು ಲಕ್ಷದ ಬಾಂಡು, ತಲಾ ಇಬ್ಬರು ಜಾಮೀನುದಾರರು, ಹದಿನೈದು ದಿನಕ್ಕೊಮ್ಮೆ ಠಾಣೆಗೆ ಹೋಗಿ ಸಹಿ. ಇಬ್ಬರ ಷರತ್ತಿನಲ್ಲಿ ಒಂದಕ್ಷರ ಹೆಚ್ಚುಕಡಿಮೆ ಇರಲಿಲ್ಲ. ಭಾವ ನಾಲ್ಕನೇ ದಿನ ಮನೆ ಸೇರಿದರು. ಅಕ್ಕ ಮೂರು ವರ್ಷದ ಮಗಳನ್ನು ಎತ್ತಿಕೊಂಡು ಹೊರಗೆ ಬಂದಿದ್ದು ನಲವತ್ತಾರನೇ ದಿನ.

ಆ ನಡುವಿನ ನಲವತ್ತೆರಡು ದಿನಗಳ ಬಗ್ಗೆಯೇ ನಾನು ಬರೆಯಬೇಕಾಗಿರುವುದು. ಕೇಸು ಇನ್ನೂ ಮುಗಿದಿಲ್ಲ, ಹಾಗಾಗಿ ಜಗಳದ ತಪ್ಪು ಒಪ್ಪು ಬರೆಯುವುದಿಲ್ಲ. ಬೋರ್‌ವೆಲ್ ನೀರಿಗಾಗಿ ಹಿಪ್ಪುನೇರಳೆ ತೋಟದಲ್ಲಿ ದಾಯಾದಿಗಳ ನಡುವೆ ಎದ್ದ ಜಗಳ. ಒಬ್ಬರ ತಲೆಗೆ ಪೆಟ್ಟು ಬಿತ್ತು, ಆಸ್ಪತ್ರೆಗೆ ಸೇರಿಸಿದರು, ಕೊಲೆ ಯತ್ನದ ಕೇಸಾಯಿತು. ಅಷ್ಟು ಸಾಕು. ನ್ಯಾಯಾಲಯ, ಠಾಣೆ, ಜೈಲು ಯಾವುದರ ಹೆಸರನ್ನೂ ಹೇಳುವುದಿಲ್ಲ. ನಮ್ಮೂರು ಶಿಡ್ಲಘಟ್ಟದ ಕಡೆ. ನಾನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಅಂದರೆ ಊರಿನ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಅಲ್ಲಿ ಕಂಪ್ಯೂಟರ್ ಇತ್ತು, ಅವರಿವರಿಗೆ ಅರ್ಜಿ ಬರೆದುಕೊಟ್ಟು ನನಗೆ ಅಭ್ಯಾಸವೂ ಇತ್ತು. ಅದೂ ಇಲ್ಲದಿದ್ದರೆ ಅಕ್ಕ ಇನ್ನೆಷ್ಟು ದಿನ ಒಳಗಿರುತ್ತಿದ್ದಳೋ.

ಏಪ್ರಿಲ್ ಮೂರನೇ ವಾರ, ರಿಮ್ಯಾಂಡ್ ಆದ ದಿನವೇ ಗಂಡ ಹೆಂಡತಿಯ ದಾರಿ ಬೇರೆಯಾಯಿತು. ಭಾವನನ್ನು ನಮ್ಮೂರಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರಬಹುದಾದ ಜೈಲಿಗೆ ಕಳಿಸಿದರು. ಅಲ್ಲಿ ಹೆಂಗಸರನ್ನು ಇಡುವ ವ್ಯವಸ್ಥೆ ಇಲ್ಲವೆಂದು ಅಕ್ಕನನ್ನು ಬೇರೆ ಜಿಲ್ಲೆಗೆ, ಮೂರು ಬಸ್ಸು ಬದಲಿಸಿ ಹೋಗಬೇಕಾದ ಜೈಲಿಗೆ ಕಳಿಸಿದರು. ಪೊಲೀಸಿನವರು ಅದನ್ನು ಹೇಳಿದ ರೀತಿ ಹೇಗಿತ್ತೆಂದರೆ, ಮಳೆ ಬಂದರೆ ಬಸ್ಸು ತಡವಾಗುತ್ತದೆ ಅನ್ನುವ ಹಾಗಿತ್ತು. ಯಾರ ತಪ್ಪೂ ಅಲ್ಲ, ಇರುವುದೇ ಹೀಗೆ ಅನ್ನುವಂತೆ.

ಅಕ್ಕನಿಗೆ ಇಬ್ಬರು ಮಕ್ಕಳು, ಐದು ವರ್ಷದ ಗಂಡು, ಮೂರು ವರ್ಷದ ಹೆಣ್ಣು. ಆರು ವರ್ಷದವರೆಗಿನ ಮಗು ತಾಯಿಯ ಜೊತೆ ಜೈಲಿನಲ್ಲಿ ಇರಬಹುದು ಅಂತ ಠಾಣೆಯಲ್ಲಿ ಹೇಳಿದಾಗ ಅಕ್ಕನ ಅತ್ತೆ ಒಂದು ಗಳಿಗೆಯೂ ಯೋಚಿಸಲಿಲ್ಲ. "ಗಂಡ್ಮಗ ನಮ್ಮತ್ರ ಇರ್ಲಿ, ಹೆಣ್ಣುಡುಗಿ ತಾಯಿ ಜೊತೆ ಹೋಗ್ಲಿ" ಅಂದುಬಿಟ್ಟರು. ಇಬ್ಬರೂ ಆರರ ಒಳಗಿನವರೇ. ಪುಟ್ಟಿಯನ್ನು ನನಗೆ ಕೊಡಿ ಅಂತ ಕೈ ಚಾಚಿದೆ. ಅವಳು ಅಕ್ಕನ ಕತ್ತು ಬಿಡಲಿಲ್ಲ. ಎರಡೂ ಕೈಯಿಂದ ಹಿಡಿದುಕೊಂಡು ಮುಖವನ್ನು ಅಕ್ಕನ ಹೆಗಲಿಗೆ ಒತ್ತಿಬಿಟ್ಟಿದ್ದಳು. ಜೀಪು ಹತ್ತುವಾಗ ಅವಳ ಒಂದು ಚಪ್ಪಲಿ ನೆಲಕ್ಕೆ ಬಿತ್ತು. ಅದು ಎಷ್ಟೋ ದಿನ ನನ್ನ ಬ್ಯಾಗಿನಲ್ಲೇ ಇತ್ತು.

ಮೊದಲ ಸಲ ಸಂದರ್ಶನಕ್ಕೆ ಹೋದಾಗ ಅರ್ಧ ದಿನ ಹೊರಗೇ ನಿಂತಿದ್ದೆ. ಆಧಾರ್ ಜೆರಾಕ್ಸ್ ಬೇಕು, ಕೈದಿಗೆ ಏನಾಗಬೇಕು ಅಂತ ಬರೆದುಕೊಡಬೇಕು, ತಂದ ಬಟ್ಟೆಬರೆ ಬಿಚ್ಚಿ ತೋರಿಸಬೇಕು. ನಿಂತಿದ್ದಾಗ ಸಾಲನ್ನು ನೋಡಿದೆ. ಮೂವತ್ತು ನಲವತ್ತು ಜನರಿರಬಹುದು, ಬಹುಪಾಲು ಹೆಂಗಸರೇ. ಗಂಡನನ್ನು ನೋಡಲು ಬಂದವರು, ಮಗನನ್ನು ನೋಡಲು ಬಂದವರು, ತಮ್ಮನಿಗೆ ಬನಿಯನ್ ತಂದವರು. ಒಬ್ಬಾಕೆ ಏಳು ತಿಂಗಳ ಬಸುರಿ, ಬಿಸಿಲಿಗೆ ಸೆರಗು ತಲೆ ಮೇಲೆ ಹಾಕಿಕೊಂಡು ನಿಂತಿದ್ದಳು. ಹೆಸರು ಕೂಗಿದಾಗ ಗೊತ್ತಾಯಿತು, ಆ ಇಡೀ ಸಾಲಿನಲ್ಲಿ ಹೆಣ್ಣು ಕೈದಿಯನ್ನು ನೋಡಲು ಬಂದವಳು ನಾನೊಬ್ಬಳೇ. ಮುಂದಿನ ಎಲ್ಲ ಸಲವೂ ಹೆಚ್ಚುಕಡಿಮೆ ಹಾಗೆಯೇ ಇತ್ತು. ಗಂಡು ಒಳಗೆ ಹೋದರೆ ಮನೆಯ ಹೆಂಗಸರು ಗೇಟಿಗೆ ಬರುತ್ತಾರೆ. ಹೆಣ್ಣು ಒಳಗೆ ಹೋದರೆ ಬರಬೇಕಾದವಳೇ ಒಳಗಿರುತ್ತಾಳೆ.

ಅಕ್ಕ ಜಾಲರಿಯ ಆಚೆ ನಿಂತಳು. ನನ್ನ ಕಣ್ಣು ಮೊದಲು ಹೋಗಿದ್ದು ಅವಳ ಕುತ್ತಿಗೆಗೆ. ಒಳಗೆ ಬಿಟ್ಟುಕೊಳ್ಳುವಾಗ ಓಲೆ, ಮೂಗುತಿ, ತಾಳಿಯ ಬೊಟ್ಟು, ಗುಂಡು ಎಲ್ಲ ಬಿಚ್ಚಿಸಿ, ಪಟ್ಟಿ ಬರೆದು, ಲಕೋಟೆಯಲ್ಲಿ ಹಾಕಿ ಅಂಟಿಸಿದ್ದರಂತೆ. ಬೋಳು ಕುತ್ತಿಗೆ ನೋಡಲಾರದೆ ಬ್ಯಾರಕ್ಕಿನ ಹಿರಿಯಳೊಬ್ಬಳು ತನ್ನತ್ರ ಇದ್ದ ಅರಿಶಿನದ ಕೊಂಬನ್ನು ಹಳೇ ಸೀರೆಯ ಅಂಚಿನ ದಾರಕ್ಕೆ ಸುತ್ತಿ ಕಟ್ಟಿದ್ದಳು. ಮೂಗಿನ ತೂತಿಗೆ ಪೊರಕೆ ಕಡ್ಡಿಯ ಚೂರು, ತೂತು ಮುಚ್ಚದಿರಲಿ ಅಂತ. "ಪುಟ್ಟಿ ಎಲ್ಲಿ?" ಅಂದೆ. "ಮಲಗವ್ಳೆ, ಎಬ್ಬಿಸಿದ್ರೆ ನಿನ್ನ ಜೊತೆ ಬರ್ತೀನಿ ಅಂತ ಅಳ್ತಾಳೆ" ಅಂದಳು. ಆಮೇಲೆ ಕೇಳಿದ್ದು ಒಂದೇ ಮಾತು, "ಹುಳ ಏನಾಯ್ತು?"

ಅವರನ್ನು ಹಿಡಿದುಕೊಂಡು ಹೋದ ದಿನ ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿತ್ತು, ಅಂದರೆ ಕೊನೆಯ ಸಲ ಪೊರೆ ಕಳಚಿತ್ತು. ರೇಷ್ಮೆ ಸಾಕಿದವರಿಗೆ ಗೊತ್ತು, ಅಲ್ಲಿಂದ ಮುಂದೆ ಹಗಲು ರಾತ್ರಿ ಸೊಪ್ಪು ಹಾಕಬೇಕು, ಹಣ್ಣಾದ ಹುಳ ಆರಿಸಿ ಗೂಡು ಕಟ್ಟಲು ಚಂದ್ರಿಕೆಯ ತಟ್ಟೆಗೆ ಬಿಡಬೇಕು. ಆ ಮನೆಯಲ್ಲಿ ಅಷ್ಟನ್ನೂ ಮಾಡುತ್ತಿದ್ದವಳು ಅಕ್ಕ. ಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ ದುಡ್ಡು ಎಣಿಸಿಕೊಳ್ಳುವುದು ಮಾತ್ರ ಭಾವ. ಹುಳ ಪೂರ್ತಿ ಹೋಯಿತು ಅಂತ ಹೇಳಲು ನನಗೆ ಬಾಯಿ ಬರಲಿಲ್ಲ.

ಒಳಗಿನ ಸಂಗತಿ ಅಕ್ಕ ಒಂದೇ ದಿನ ಹೇಳಲಿಲ್ಲ. ಸ್ವಲ್ಪ ಜಾಲರಿಯ ಆಚೆಯಿಂದ, ಉಳಿದದ್ದು ಬಿಡುಗಡೆಯಾದ ಮೇಲೆ, ಹೆಚ್ಚಿನದು ರಾತ್ರಿ ದೀಪ ಆರಿಸಿದ ಮೇಲೆ. ಹೊಡೆದರು ಬಡಿದರು ಅನ್ನುವಂಥದ್ದೇನೂ ನಡೆದಿರಲಿಲ್ಲ. ವಾರ್ಡರ್ ಅಮ್ಮಂದಿರಲ್ಲಿ ಒಬ್ಬಿಬ್ಬರು ಒಳ್ಳೆಯವರೇ ಇದ್ದರಂತೆ. ಅವಳು ಹೇಳಿದ್ದು ಬೇರೆ. ಅದು ಗಂಡಸರಿಗಾಗಿ ಕಟ್ಟಿದ ಜೈಲು, ಅದರ ಒಂದು ಮೂಲೆಗೆ ಗೋಡೆ ಹಾಕಿ ಹೆಂಗಸರನ್ನು ಇಟ್ಟಿದ್ದರು. ಅಡುಗೆಮನೆ ಗಂಡಸರ ಕಡೆ. ಆಸ್ಪತ್ರೆ ಗಂಡಸರ ಕಡೆ. ಪುಸ್ತಕದ ಕೋಣೆ, ಬೇಕರಿ, ಮರಗೆಲಸದ ಶೆಡ್ಡು, ಟಿವಿ ಇರುವ ಹಾಲ್, ನಡೆದಾಡುವ ಬಯಲು ಎಲ್ಲ ಆ ಕಡೆ. ಹೆಂಗಸೊಬ್ಬಳನ್ನು ಡಾಕ್ಟರ ಹತ್ತಿರ ಕರೆದೊಯ್ಯಬೇಕಾದರೆ ಮೊದಲು ದಾರಿಯಲ್ಲಿರುವ ಗಂಡಸರನ್ನು ಒಳಗೆ ಕಳಿಸಿ ದಾರಿ ಖಾಲಿ ಮಾಡಬೇಕು, ಜೊತೆಗೆ ಹೋಗಲು ಹೆಣ್ಣು ಸಿಬ್ಬಂದಿ ಬೇಕು. ಇರುವವರು ಇಬ್ಬರೇ, ಒಬ್ಬರು ರಜೆ. ಹಾಗಾಗಿ "ನಾಳೆ ನೋಡೋಣ." ಪುಟ್ಟಿಗೆ ಜ್ವರ ಬಂದಾಗ ಆ ನಾಳೆ ಮೂರು ದಿನ ಹಿಡಿಯಿತು.

ಕೋರ್ಟಿನ ತಾರೀಖಿಗೂ ಅದೇ ಕಥೆ. ಗಂಡಸರ ವ್ಯಾನು ಹೋಗುತ್ತಿತ್ತು. ಹೆಂಗಸರಿಗೆ ಬೆಂಗಾವಲಿಗೆ ಮಹಿಳಾ ಪೊಲೀಸರು ಬೇಕು. ಅವತ್ತು ಅವರನ್ನು ಚುನಾವಣೆ ಡ್ಯೂಟಿಗೆ ಹಾಕಿದ್ದರು. ಅಕ್ಕನ ಎರಡು ತಾರೀಖು ಅವಳಿಲ್ಲದೇ ಮುಂದಕ್ಕೆ ಹೋದವು. ಹೆಣ್ಣನ್ನು ಹೆಣ್ಣು ಸಿಬ್ಬಂದಿಯೇ ಕಾಯಬೇಕು, ತಪಾಸಣೆಯನ್ನು ಹೆಣ್ಣೇ ಮಾಡಬೇಕು ಅನ್ನುವುದು ನಮ್ಮ ರಕ್ಷಣೆಗೆ ಇರುವ ನಿಯಮ, ಬೇಕೇ ಬೇಕಾದ ನಿಯಮ. ಆದರೆ ಸಿಬ್ಬಂದಿಯನ್ನೇ ಕೊಡದೆ ನಿಯಮ ಮಾತ್ರ ಇಟ್ಟರೆ ಅದು ಹೆಣ್ಣಿಗೆ ಎರಡನೇ ಬೀಗವಾಗುತ್ತದೆ.

ಮುಟ್ಟಿನ ಮಾತು ಹೇಳುವಾಗ ಅಕ್ಕ ಗೋಡೆ ಕಡೆ ತಿರುಗಿಕೊಂಡಳು. ಪ್ಯಾಡು ಎಣಿಸಿ ಕೊಡುತ್ತಿದ್ದರು. ಜಾಸ್ತಿ ಬೇಕು ಅಂದರೆ ಕೇಳಬೇಕು, ಕೇಳಿದರೆ "ಯಾಕೆ, ಅಷ್ಟು ಹೋಗುತ್ತಾ?" ಅನ್ನುವ ಪ್ರಶ್ನೆ ಎಲ್ಲರ ಮುಂದೆ. ಹಣ ಇದ್ದವರು ಕ್ಯಾಂಟೀನಿನಲ್ಲಿ ಕೊಳ್ಳಬಹುದು, ಅದಕ್ಕೆ ಮನೆಯಿಂದ ಯಾರಾದರೂ ಅವರ ಲೆಕ್ಕಕ್ಕೆ ದುಡ್ಡು ಕಟ್ಟಿರಬೇಕು. ಗಂಡಸರ ಕಡೆ ಶಿಕ್ಷೆಯಾದವರು ಬೇಕರಿಯಲ್ಲಿ, ಮರಗೆಲಸದಲ್ಲಿ ಕೂಲಿ ದುಡಿಯುತ್ತಿದ್ದರು. ಹೆಂಗಸರಿಗಿದ್ದ ಕೆಲಸವೆಂದರೆ ಅಕ್ಕಿ ಆರಿಸುವುದು, ತಮ್ಮ ಅಂಗಳ ಗುಡಿಸುವುದು. ಅಕ್ಕ ತನ್ನ ಹತ್ತಿ ಸೀರೆಯ ಅಂಚು ಬಿಟ್ಟು ಮೈಯನ್ನೆಲ್ಲ ಹರಿದು ಮುಗಿಸಿದ್ದಳು. ಆ ಅಂಚನ್ನು ಹೊರಗೆ ಬರುವಾಗ ತಂದಳು, ಎರಡು ಬೆರಳಗಲದ ಹಸಿರು ಪಟ್ಟಿ, ಉದ್ದಕ್ಕೆ ಸುತ್ತಿಟ್ಟಿದ್ದು.

ಮಗುವಿನ ವಿಷಯದಲ್ಲಿ ಮಾತ್ರ ನಾನು ಜಗಳ ಮಾಡಿ ಸ್ವಲ್ಪ ಗೆದ್ದೆ. 2006ರಲ್ಲಿ ಆರ್. ಡಿ. ಉಪಾಧ್ಯಾಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ತಾಯಿಯ ಜೊತೆ ಒಳಗಿರುವ ಮಗುವನ್ನು ಕೈದಿಯ ಹಾಗೆ ನೋಡಬಾರದು, ಅದಕ್ಕೆ ಬೇಕಾದ ಆಹಾರ, ಚಿಕಿತ್ಸೆ, ಬಟ್ಟೆ, ಆಟಪಾಠ ಅದರ ಹಕ್ಕು ಅಂದಿದೆ. ಅದನ್ನು ಅರಿವು ಕೇಂದ್ರದಲ್ಲಿ ಹುಡುಕಿ ಓದಿ, ಎರಡು ಪುಟದ ಅರ್ಜಿ ಬರೆದು, ಪುಟ್ಟಿಯ ತಾಯಿ ಕಾರ್ಡಿನ ಜೆರಾಕ್ಸ್ ಅಂಟಿಸಿ ಕೊಟ್ಟೆ. ಯಾವ ಚುಚ್ಚುಮದ್ದು ಆಗಿದೆ, ಯಾವುದು ಆಗಬೇಕು ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿದ್ದೆ. ಮುಂದಿನ ವಾರದಿಂದ ಅವಳಿಗೆ ಬೆಳಿಗ್ಗೆ ಒಂದು ಲೋಟ ಹಾಲು ಸಿಕ್ಕಿತು, ಒಂದು ಮೊಟ್ಟೆ ಸಿಕ್ಕಿತು. ಅಲ್ಲಿದ್ದ ಇನ್ನೊಂದು ಮಗುವಿಗೂ.

ಪುಟ್ಟಿಯಂಥವರು ದೇಶದಲ್ಲಿ ಎಷ್ಟಿದ್ದಾರೆ ಅಂತ ಆಮೇಲೆ ಹುಡುಕಿದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ 2022ರ ಲೆಕ್ಕದಲ್ಲಿ ಜೈಲುಗಳಲ್ಲಿದ್ದ ತಾಯಂದಿರು 1,537, ಅವರ ಜೊತೆಗಿದ್ದ ಮಕ್ಕಳು 1,764. ಒಟ್ಟು ಕೈದಿಗಳು 5,73,220, ಅದರಲ್ಲಿ ಹೆಂಗಸರು 23,772. ನೂರರಲ್ಲಿ ನಾಲ್ಕು. ದೇಶದ 1,330 ಜೈಲುಗಳಲ್ಲಿ ಹೆಂಗಸರಿಗೆಂದೇ ಇರುವುದು 34. ಉಳಿದವರೆಲ್ಲ ಅಕ್ಕನ ಹಾಗೆ ಯಾರದೋ ಜೈಲಿನ ಮೂಲೆಯಲ್ಲಿ. ನಾಲ್ಕೇ ಜನಕ್ಕೆ ಯಾರು ಪ್ರತ್ಯೇಕ ಡಾಕ್ಟರ್ ಇಡುತ್ತಾರೆ, ಯಾರು ವ್ಯಾನು ಕೊಡುತ್ತಾರೆ? ಹೆಂಗಸರನ್ನು ಸಾಧ್ಯವಾದ ಮಟ್ಟಿಗೆ ಮನೆಯ ಹತ್ತಿರದ ಜೈಲಿನಲ್ಲೇ ಇರಿಸಬೇಕು ಅಂತ ವಿಶ್ವಸಂಸ್ಥೆ 2010ರಲ್ಲಿ ಒಪ್ಪಿದ ಬ್ಯಾಂಕಾಕ್ ನಿಯಮಗಳ ನಾಲ್ಕನೆಯದು ಹೇಳುತ್ತದೆ. ಅದನ್ನು ಓದಿದ ದಿನ ನಾನು ಮೂರನೇ ಬಸ್ಸಿಗೆ ಕಾಯುತ್ತಾ ನಿಂತಿದ್ದೆ, ಫೋನಿನಲ್ಲಿ.

ಈಗ ಜಾಮೀನಿನ ಮಾತು. ಆದೇಶವಾದ ಸಂಜೆಯೇ ಭಾವನ ಅಪ್ಪ ಪೆಟ್ಟಿಗೆಯಿಂದ ಪಹಣಿ ತೆಗೆದರು. ಒಬ್ಬ ಜಾಮೀನುದಾರ ತಾವೇ, ಇನ್ನೊಬ್ಬರು ಅವರ ಭಾಮೈದ. ಪಹಣಿ, ಮ್ಯುಟೇಶನ್, ಕಂದಾಯ ಕಟ್ಟಿದ ರಸೀದಿ, ಆಧಾರ್, ಫೋಟೋ. ಎರಡು ದಿನದಲ್ಲಿ ಎಲ್ಲ ಸಿದ್ಧ. ಅಕ್ಕನಿಗೂ ಸೇರಿಸಿ ಕೊಡಿ ಮಾವ, ಜಮೀನಿನ ಬೆಲೆ ಇಬ್ಬರಿಗೂ ಸಾಲುತ್ತೆ ಅಂತ ಲಾಯರೇ ಹೇಳಿದರು ಅಂತ ಕೈಮುಗಿದು ಕೇಳಿದೆ. ಅವರು ಮಾತಾಡಲಿಲ್ಲ. ಅಕ್ಕನ ಅತ್ತೆ ಒಳಗಿಂದ ಹೇಳಿದರು, "ಇರೋದು ಒಂದೇ ಜಮೀನು ಕಣಮ್ಮ. ಗಂಡಸು ಮೊದ್ಲು ಬರ್ಲಿ, ದುಡಿಯೋರು ಬೇಕಲ್ಲ. ಅವ್ಳು ಎಲ್ಲೋಗ್ತಾಳೆ, ಅಲ್ಲೇ ಇರ್ತಾಳೆ." ಹೊಸ ಮೊಟ್ಟೆ ತಂದು ಚಾಕಿ ಕಟ್ಟಲು, ಅಂದರೆ ಮರಿಹುಳ ಸಾಕಲು, ಆ ಮನೆಯವರಿಗೆ ಕೈ ಬೇಕಿತ್ತು. ಆ ಕೈ ಅಕ್ಕನದು. ಅದು ಅವರಿಗೆ ಹೊಳೆಯಲೇ ಇಲ್ಲ.

ಭಾವ ಬಂದ ಮೇಲಾದರೂ ಹೆಂಡತಿಯನ್ನು ಬಿಡಿಸಿಕೊಳ್ಳುತ್ತಾರೆ ಅಂದುಕೊಂಡೆ. ಜೈಲಿನಿಂದ ಫೋನ್ ಮಾಡಲು ಅಕ್ಕ ಬರೆಸಿದ್ದು ಭಾವನ ನಂಬರು, ಬಾಯಿಪಾಠ ಇದ್ದದ್ದು ಅದೊಂದೇ. ಅವಳು ಮಾಡಿದ ನಾಲ್ಕು ಕರೆಗಳಲ್ಲಿ ಮೂರನ್ನು ಅವರು ಎತ್ತಲಿಲ್ಲ. ಎತ್ತಿದ ಒಂದರಲ್ಲಿ "ನೋಡೋಣ, ಅಪ್ಪ ಏನಂತಾರೋ" ಅಂದರಂತೆ. ಅವರನ್ನು ನಾನು ಕೆಟ್ಟವರು ಅಂತ ಬರೆಯಲಾರೆ. ಜೈಲಿಗೆ ಹೋಗಿ ಬಂದ ಗಂಡಸಿಗೆ ಊರಲ್ಲಿ ವಾರದೊಳಗೆ ಮೊದಲಿನ ಜಾಗ ಸಿಕ್ಕಿತು, ಟೀ ಅಂಗಡಿಯಲ್ಲಿ ಕೂತು ಒಳಗಿನ ಕಥೆ ಹೇಳುತ್ತಿದ್ದರು, ಜನ ಕೇಳುತ್ತಿದ್ದರು. ಜೈಲಿಗೆ ಹೋಗಿ ಬಂದ ಹೆಂಗಸನ್ನು ಮನೆಗೆ ಕರೆದುಕೊಳ್ಳಬೇಕೋ ಬೇಡವೋ ಅಂತ ಅದೇ ಅಂಗಡಿಯಲ್ಲಿ ಮಾತು ನಡೆಯುತ್ತಿತ್ತು.

ನಮ್ಮಣ್ಣನ ಹತ್ತಿರ ಹೋದೆ. ಅಪ್ಪ ಬಿಟ್ಟುಹೋದ ಎರಡೂವರೆ ಎಕರೆ ಅಣ್ಣನ ಹೆಸರಲ್ಲಿದೆ. ಅತ್ತಿಗೆ ಕಾಫಿ ಕೊಟ್ಟರು. ಅಣ್ಣ ತಲೆ ತಗ್ಗಿಸಿ, "ಸೊಸೈಟಿ ಸಾಲ ಐತೆ, ಪಹಣೀಲಿ ಇನ್ನೊಂದು ಋಣ ಬಂದ್ರೆ ಮುಂದಿನ ಸಾಲ ಹುಟ್ಟಲ್ಲ ಕಣೆ" ಅಂದ. ಸುಳ್ಳಲ್ಲ. ಜಾಮೀನು ಕೊಟ್ಟರೆ ಪಹಣಿಯ ಹನ್ನೊಂದನೇ ಕಾಲಮ್ಮಿನಲ್ಲಿ ಅದು ಋಣ ಅಂತ ಬರುತ್ತದೆ, ಕೇಸು ಮುಗಿಯುವವರೆಗೂ ಹೋಗುವುದಿಲ್ಲ.

ನಾನು ನೋಡುತ್ತಿದ್ದದ್ದು ಒಂಬತ್ತನೇ ಕಾಲಂ. ಕಬ್ಜೆದಾರರ ಹೆಸರು ಬರುವ ಜಾಗ. ಅಣ್ಣನ ಹೆಸರು ಒಂದೇ ಇತ್ತು. ಏಳು ವರ್ಷದ ಹಿಂದೆ, ಅಪ್ಪನ ವರ್ಷಾಬ್ದಿಕ ಕಳೆದ ವಾರ, ನಾನೂ ಅಕ್ಕನೂ ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಅಕ್ಕಪಕ್ಕ ಕೂತು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿದ್ದೆವು. ಅಮ್ಮನೂ ಹೆಬ್ಬೆಟ್ಟು ಒತ್ತಿದ್ದಳು. ಒಂದೊಂದು ರೇಷ್ಮೆ ಸೀರೆ, ಅರಿಶಿನ ಕುಂಕುಮ, ಇಪ್ಪತ್ತೈದು ಸಾವಿರ ಕೊಟ್ಟಿದ್ದರು. ತವರು ಬಾಗಿಲು ತೆರೆದಿರಲಿ ಅಂತ ಹಾಕಿದ ಸಹಿ ಅದು, ನಮ್ಮ ಕಡೆ ಎಲ್ಲ ಹೆಣ್ಣುಮಕ್ಕಳೂ ಹಾಕುತ್ತಾರೆ. ದೇಶಕ್ಕೆಲ್ಲ 2005ರಲ್ಲಿ ಬಂದ ಹೆಣ್ಣುಮಕ್ಕಳ ಆಸ್ತಿ ಹಕ್ಕು ಕರ್ನಾಟಕದಲ್ಲಿ 1994ರಲ್ಲೇ ಬಂದಿತ್ತು. ಕಾನೂನು ಕೊಟ್ಟ ಪಾಲು ನಮ್ಮ ಕೈಗೆ ಬಂದಿತ್ತು, ನಾವೇ ಬಿಟ್ಟುಕೊಟ್ಟೆವು. ಆ ಪಾಲು ಅಕ್ಕನ ಹೆಸರಲ್ಲಿ ಇದ್ದಿದ್ದರೆ ಕೇಳುವ ದನಿಯೇ ಬೇರೆ ಇರುತ್ತಿತ್ತು. ನನ್ನ ಪಾಲು ನನ್ನ ಹೆಸರಲ್ಲಿ ಇದ್ದಿದ್ದರೆ ನಾನು ಯಾರ ಮನೆಯ ಬಾಗಿಲಿಗೂ ಹೋಗಬೇಕಿರಲಿಲ್ಲ. ಅವತ್ತು ರಾತ್ರಿ ನನಗೆ ಅಣ್ಣನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ಆ ಬೆಂಚಿನ ಮೇಲೆ ಕೂತಿದ್ದ ನನ್ನ ಮೇಲೆ ಬಂತು.

ಅಲ್ಲಿಂದ ಮುಂದಿನ ಎರಡು ವಾರ ಊರೂರು ತಿರುಗಿದೆ. ಅರಿವು ಕೇಂದ್ರಕ್ಕೆ ಬರುವ ಹೆಂಗಸರನ್ನೆಲ್ಲ ಕೇಳಿದೆ, ನಿಮ್ಮ ಹೆಸರಲ್ಲಿ ಏನಾದರೂ ಇದೆಯಾ ಅಂತ. ಒಬ್ಬಾಕೆಯ ಹೆಸರಲ್ಲಿ ಸರ್ಕಾರದ ಮನೆ ಇತ್ತು, ಹಕ್ಕುಪತ್ರವೂ ಅವಳದೇ. ಖುಷಿಯಿಂದ ಬಂದಳು. ಪರಭಾರೆ ಮಾಡುವಂತಿಲ್ಲ ಅನ್ನುವ ಷರತ್ತಿದೆ, ಇದು ಜಾಮೀನಿಗೆ ಆಗುವುದಿಲ್ಲ ಅಂತ ಕಾಗದ ವಾಪಸ್ ಕೊಟ್ಟರು. ಇನ್ನೊಬ್ಬರು ವಿಧವೆ, ಜಂಟಿ ಖಾತೆ, ಇಬ್ಬರು ಗಂಡುಮಕ್ಕಳ ಒಪ್ಪಿಗೆ ಬೇಕು. ಮಕ್ಕಳು ಒಪ್ಪಲಿಲ್ಲ. ಮಧ್ಯೆ ಒಬ್ಬ ಫೋನ್ ಮಾಡಿ, ಎಂಟು ಸಾವಿರ ಕೊಟ್ಟರೆ ಜಾಮೀನುದಾರರನ್ನು ತಾನೇ ಕರೆತರುತ್ತೇನೆ ಅಂದ. ಯಾರದೋ ಪಹಣಿ, ಯಾರದೋ ಫೋಟೋ. ಒಂದು ಗಳಿಗೆ ಮನಸ್ಸು ಜಾರಿತು. ಸಿಕ್ಕಿಬಿದ್ದರೆ ಅಕ್ಕನ ಜಾಮೀನೇ ಹೋಗುತ್ತದೆ ಅಂತ ಫೋನ್ ಇಟ್ಟೆ.

ದಾರಿ ತೋರಿಸಿದ್ದು ಚಿಕ್ಕಬಳ್ಳಾಪುರದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಸಿಕ್ಕ ವಕೀಲರು, ನನ್ನ ವಯಸ್ಸಿನ ಹೆಂಗಸು. ಅಲ್ಲಿಯವರೆಗೆ ನಮ್ಮ ಲಾಯರು ಭಾವನ ಮನೆಯವರು ಹಿಡಿದವರು, ಭಾವ ಬಂದ ಮೇಲೆ ಅವರಿಗೆ ಫೀಸು ಕೊಡುವವರಿರಲಿಲ್ಲ. ಹೆಣ್ಣಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಹಕ್ಕು, 1987ರ ಕಾಯ್ದೆಯ 12ನೇ ಸೆಕ್ಷನ್. ಇದು ನನಗೆ ಮೊದಲ ದಿನವೇ ಗೊತ್ತಿರಬೇಕಿತ್ತು. ಓದುವ ನಿಮಗೆ ಗೊತ್ತಿರಲಿ: 15100ಕ್ಕೆ ಫೋನ್ ಮಾಡಿದರೆ ಸಾಕು.

ವಕೀಲರು ಕಾಗದ ನೋಡಿ ಕೇಳಿದ ಮೊದಲ ಪ್ರಶ್ನೆ, "ಜಾಮೀನಾಗಿ ಎಷ್ಟು ದಿನ ಆಯ್ತು?" ತಿಂಗಳು ದಾಟಿತ್ತು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಕೊಟ್ಟ ನಿರ್ದೇಶನ ಅವರ ಫೈಲಿನಲ್ಲೇ ಇತ್ತು. ಜಾಮೀನು ಸಿಕ್ಕಿ ಏಳು ದಿನವಾದರೂ ಕೈದಿ ಹೊರಬರದಿದ್ದರೆ ಜೈಲಿನ ಅಧಿಕಾರಿ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಲ್ಲಿ ಜಾಮೀನುದಾರರು ಸಿಗದಿದ್ದರೆ ಕೋರ್ಟು ತಾನಾಗಿಯೇ ಷರತ್ತು ಸಡಿಲಿಸುವುದನ್ನು ಪರಿಶೀಲಿಸಬಹುದು. ಅಕ್ಕನ ವಿಷಯವನ್ನು ಯಾರೂ ಯಾರಿಗೂ ತಿಳಿಸಿರಲಿಲ್ಲ. ಜುಲೈ 10ಕ್ಕೆ ಅರ್ಜಿ ಹಾಕಿದರು, 14ಕ್ಕೆ ಆದೇಶವಾಯಿತು. ಇಬ್ಬರ ಬದಲು ಒಬ್ಬರು, ಒಂದು ಲಕ್ಷದ ಬದಲು ಇಪ್ಪತ್ತೈದು ಸಾವಿರ. ಬಡ ಕೈದಿಗಳಿಗೆ ಕೇಂದ್ರ ಸರ್ಕಾರದ ನೆರವಿನ ಯೋಜನೆಯೂ ಅದೇ ವರ್ಷ ಬಂದಿತ್ತು, ಆಗ ವಿಚಾರಣಾಧೀನ ಕೈದಿಗೆ 40,000 ರೂಪಾಯಿವರೆಗೆ ಇತ್ತು. ನನಗೆ ಅದು ತಿಳಿಯುವ ಹೊತ್ತಿಗೆ ಅಕ್ಕ ಮನೆಯಲ್ಲಿದ್ದಳು.

ಆ ಒಬ್ಬರು ಯಾರು? ನಾವು ದೊಡ್ಡಮ್ಮ ಅಂತ ಕರೆಯುವವರು ಒಬ್ಬರಿದ್ದಾರೆ, ರಕ್ತಸಂಬಂಧ ಏನೂ ಇಲ್ಲ. ಅಮ್ಮನ ಜೊತೆ ಚಿಕ್ಕಂದಿನಿಂದ ಹುಳ ಸಾಕಿದವರು. ಗಂಡ ಸತ್ತು ಹದಿನಾಲ್ಕು ವರ್ಷ, ಮಕ್ಕಳಿಲ್ಲ. ಮೈದುನರು ಜಮೀನು ಕೊಡಲ್ಲ ಅಂದಾಗ ಆರು ವರ್ಷ ನಾಡಕಚೇರಿಗೆ, ತಾಲ್ಲೂಕು ಕಚೇರಿಗೆ ಅಲೆದು ಪೌತಿ ಖಾತೆ ಮಾಡಿಸಿಕೊಂಡರು. ಇಪ್ಪತ್ತೆರಡು ಗುಂಟೆ. ಒಂಬತ್ತನೇ ಕಾಲಮ್ಮಿನಲ್ಲಿ ಅವರದೊಂದೇ ಹೆಸರು. ಅವರನ್ನು ಕೇಳಲು ನನಗೆ ಧೈರ್ಯ ಇರಲಿಲ್ಲ, ಇರುವುದು ಅಷ್ಟೇ ಅಲ್ಲವೇ. ಅಮ್ಮ ಕೇಳಿದಳು. ದೊಡ್ಡಮ್ಮ ಸೊಪ್ಪು ಕತ್ತರಿಸುತ್ತಿದ್ದ ಕೈ ನಿಲ್ಲಿಸದೆ, "ನನ್ ಕೇಳಕ್ಕೆ ಇಷ್ಟು ದಿನ ಬೇಕಾಯ್ತಾ?" ಅಂದರು.

ಜುಲೈ 20, ಗುರುವಾರ. ದೊಡ್ಡಮ್ಮ ಮದುವೆಗೆ ಹೋಗುವ ಸೀರೆ ಉಟ್ಟಿದ್ದರು. ಪಹಣಿಯನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರನ್ನು ಟವಲಿಗೆ ಸುತ್ತಿ, ಟವಲನ್ನು ಚೀಲದ ತಳದಲ್ಲಿ ಇಟ್ಟಿದ್ದರು. ಕಾಗದ ನೋಡುವ ಗುಮಾಸ್ತರು ಫೋಟೋ ನೋಡಿದರು, ಮುಖ ನೋಡಿದರು. "ಗಂಡಸರು ಯಾರೂ ಬಂದಿಲ್ವಾ?" ಅಂದರು. ನಾನು ಬಾಯಿ ತೆರೆಯುವುದರೊಳಗೆ ದೊಡ್ಡಮ್ಮ ಹೇಳಿದರು, "ಭೂಮಿ ನಂದು, ಹೆಬ್ಬೆಟ್ಟು ನಂದು. ಇನ್ಯಾರ್ನ ಕರೀಬೇಕಪ್ಪ?" ಅವರು ಮತ್ತೇನೂ ಕೇಳಲಿಲ್ಲ.

ಜಡ್ಜ್ ಮುಂದೆ ಕಟಕಟೆಯ ಪಕ್ಕ ನಿಲ್ಲಿಸಿದರು. ಆರೋಪಿ ನಿಮಗೇನಾಗಬೇಕು, ಆಕೆ ತಾರೀಖಿಗೆ ಬರದಿದ್ದರೆ ಇಪ್ಪತ್ತೈದು ಸಾವಿರ ನೀವು ಕಟ್ಟಬೇಕಾಗುತ್ತದೆ, ಕಟ್ಟದಿದ್ದರೆ ಜಮೀನಿನ ಮೇಲೆ ಬರುತ್ತದೆ, ಗೊತ್ತೇ? ದೊಡ್ಡಮ್ಮ ಎಲ್ಲ ಕೇಳಿ, "ಅವ್ಳು ಬರ್ತಾಳೆ ಸ್ವಾಮಿ" ಅಂದರು. ಹೆಬ್ಬೆಟ್ಟು ಒತ್ತಿದ ಮೇಲೆ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳದೆ ಬೆರಳನ್ನು ಹಾಗೇ ಎತ್ತಿ ಹಿಡಿದುಕೊಂಡು ಹೊರಗೆ ಬಂದರು. ಬಾವಿಕಟ್ಟೆ ತರಹದ ನಲ್ಲಿಯ ಹತ್ತಿರ ನಾನೇ ಸೋಪು ಹಚ್ಚಿ ತೊಳೆದೆ. ಸೊಪ್ಪಿನ ಕರೆ ಹಿಡಿದ ಬೆರಳು, ಶಾಯಿ ಯಾವುದು ಕರೆ ಯಾವುದು ಗೊತ್ತಾಗಲಿಲ್ಲ.

ಬಿಡುಗಡೆ ಆದೇಶ ಸಂಜೆ ಕೈದಿಗಳನ್ನು ಒಳಗೆ ಕಳಿಸಿ ಬೀಗ ಹಾಕುವ ಮೊದಲು ಜೈಲಿಗೆ ತಲುಪಬೇಕು, ಇಲ್ಲದಿದ್ದರೆ ಮರುದಿನ. ನಮ್ಮದು ಮರುದಿನವಾಯಿತು. ಶುಕ್ರವಾರ ಮಧ್ಯಾಹ್ನ ಎರಡರಿಂದ ಗೇಟಿನ ಮುಂದೆ ಕೂತಿದ್ದೆ. ಐದು ಗಂಡಸರು ಬಿಡುಗಡೆಯಾಗಿ ಹೋದರು, ಒಬ್ಬನಿಗೆ ಹಾರ ಹಾಕಲು ಜೀಪಿನಲ್ಲಿ ಹುಡುಗರು ಬಂದಿದ್ದರು. ಅಕ್ಕನನ್ನು ಬಿಟ್ಟಾಗ ಏಳೂಕಾಲು, ಕತ್ತಲಾಗಿತ್ತು. ನಾನಿಲ್ಲದಿದ್ದರೆ ಆ ಹೊತ್ತಿನಲ್ಲಿ ಅವಳು ಮಗು ಎತ್ತಿಕೊಂಡು ಯಾವ ಕಡೆ ನಡೆಯಬೇಕಿತ್ತು? ಲಕೋಟೆ ಒಡೆದು ಪಟ್ಟಿ ಓದಿ ಸಹಿ ಹಾಕಿಸಿಕೊಂಡು ಒಡವೆ ಕೊಟ್ಟರಂತೆ. ಅವಳು ಹಾಕಿಕೊಂಡಿರಲಿಲ್ಲ, ಕೈಯಲ್ಲೇ ಇತ್ತು. ಅರಿಶಿನದ ಕೊಂಬು ಕುತ್ತಿಗೆಯಲ್ಲಿತ್ತು. ಪುಟ್ಟಿ ನನ್ನನ್ನು ನೋಡಿ ಅಮ್ಮನ ಹಿಂದೆ ಹೋದಳು. ಬ್ಯಾಗಿನಿಂದ ಚಪ್ಪಲಿ ತೆಗೆದು ತೋರಿಸಿದೆ. ಕಾಲು ಅದಕ್ಕಿಂತ ದೊಡ್ಡದಾಗಿತ್ತು.

"ಅವ್ರು ಬಂದವ್ರಾ?" ಅಂತ ಅಕ್ಕ ಒಂದೇ ಸಲ ಕೇಳಿದಳು. ಇಲ್ಲ ಅಂದೆ. "ಅಮ್ಮನ ಮನೆಗೇ ಹೋಗೋಣ" ಅಂದಳು.

ಬಸ್ಸು ಹತ್ತಿದೆವು. ಕಂಡಕ್ಟರ್ ಹತ್ತಿರ ಬರುತ್ತಿದ್ದಂತೆ ಅಕ್ಕ ಗಾಬರಿಯಾಗಿ ನನ್ನ ಕೈ ಹಿಡಿದು, "ನನ್ನತ್ರ ದುಡ್ಡಿಲ್ಲ ಕಣೆ" ಅಂದಳು. ಅವಳು ಒಳಗೆ ಹೋಗಿದ್ದು ಏಪ್ರಿಲ್, ಹೆಂಗಸರಿಗೆ ಬಸ್ಸು ಉಚಿತವಾಗಿದ್ದು ಜೂನ್ 11ಕ್ಕೆ. ಅವಳಿಗೆ ಗೊತ್ತಿರಲಿಲ್ಲ. ದುಡ್ಡು ಬೇಡ, ಆಧಾರ್ ತೋರಿಸಿದರೆ ಸಾಕು ಅಂದೆ. ಬಿಡುಗಡೆ ಕಾಗದದ ಜೊತೆ ಮಡಚಿಟ್ಟಿದ್ದ ಆಧಾರನ್ನು ಎರಡೂ ಕೈಯಲ್ಲಿ ಹಿಡಿದು ಎದ್ದು ನಿಂತು ಕೊಟ್ಟಳು, ಮೂರು ತಿಂಗಳಿಂದ ಎಲ್ಲದಕ್ಕೂ ಎದ್ದು ನಿಂತ ಅಭ್ಯಾಸ. ಕಂಡಕ್ಟರ್ ಕಾಗದ ನೋಡಿದರು, ಮಗು ನೋಡಿದರು. "ಕೂತ್ಕೊಳ್ಳಮ್ಮ, ಕೂತ್ಕೊಂಡೇ ಕೊಡು" ಅಂದು ಟಿಕೆಟ್ ಹರಿದುಕೊಟ್ಟರು. ಅಕ್ಕ ಅದರ ಮೇಲಿದ್ದ ಸೊನ್ನೆಯನ್ನು ದೀಪದ ಕಡೆ ಹಿಡಿದು ನೋಡಿ, ಮಡಚಿ, ಆಧಾರಿನ ಒಳಗಿಟ್ಟುಕೊಂಡಳು. ಮೂರನೇ ಬಸ್ಸಿನ ಹೊತ್ತಿಗೆ ಪುಟ್ಟಿ ನನ್ನ ತೊಡೆಯ ಮೇಲೆ ಮಲಗಿದ್ದಳು.